ಕಾಕು ಎತ್ತಿ ಕುಡಿದ ಚೆರ್ರಿ ಬಿಯರ್

ಮಗಳ ಅಡುಗೆಮನೆಯ ಕಪಾಟಿನಲ್ಲಿ ಬಿಯರ್ ಗ್ಲಾಸುಗಳು ಸಾಲಾಗಿ ನಿಂತಿದ್ದವು. ಉದ್ದ ಕಾಲಿನವು, ಬೊಜ್ಜು ಹೊಟ್ಟೆಯವು, ಬಾಯಿ ಕಿರಿದಾದವು. ಅವುಗಳ ನಡುವೆ ಒಂದು ಸ್ಟೀಲ್ ಲೋಟ. ಕಂಠದ ಹತ್ತಿರ ಸ್ವಲ್ಪ ನೆಗ್ಗಿತ್ತು. ಮಗಳು ಸ್ಯಾನ್ ಪೀಡ್ರೊದ ಈ ಪುಟ್ಟ ಅಪಾರ್ಟ್‌ಮೆಂಟಿಗೆ ಬರುವಾಗ ನಾನು ಒಂದು ಪೆಟ್ಟಿಗೆಯ ತುಂಬ ಸ್ಟೀಲ್ ಪಾತ್ರೆ ಕಟ್ಟಿಕೊಟ್ಟಿದ್ದೆ. ಆ ಪೆಟ್ಟಿಗೆ ಇವತ್ತಿಗೂ ಟೇಪು ಬಿಚ್ಚದೆ ಅವಳ ಮಂಚದ ಕೆಳಗಿದೆ. ಕಪಾಟಿನಲ್ಲಿದ್ದ ಲೋಟ ನನ್ನದಲ್ಲ. ಕೈಗೆ ತೆಗೆದುಕೊಂಡು ಮೂಸಿದೆ. ಸ್ಟೀಲಿಗೆ ವಾಸನೆ ಹಿಡಿಯುವುದಿಲ್ಲ ಅನ್ನುತ್ತಾರೆ. ನನ್ನ ಮೂಗಿಗೆ ಮಾತ್ರ ಹುಳಿ ಚೆರ್ರಿಯ ವಾಸನೆ ಬಂದೇ ಬಂತು...

ಬಂದ ಕೂಡಲೇ ಹೊಟ್ಟೆಯೊಳಗೆ ಹಳೆಯ ಉರಿಯೂ ಎದ್ದಿತು. ತೀರಿಹೋದವರ ಮೇಲೂ ಹೊಟ್ಟೆಕಿಚ್ಚು ಪಡಬಹುದು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆ ಲೋಟದ ಒಡತಿ ಸ್ಯಾನ್ ಡಿಯಾಗೊದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದರು. ಧಾರವಾಡದ ಕಡೆಯವರು. ಲಾಸ್ ಏಂಜಲೀಸಿಗೆ ಸೇರಿದ ಸ್ಯಾನ್ ಪೀಡ್ರೊದ ಬಂದರಿನಲ್ಲಿ, ಹಡಗಿನ ಸರಕು ನೋಡಿಕೊಳ್ಳುವ ಆಫೀಸಿನಲ್ಲಿ, ಬಹಳ ವರ್ಷ ದೊಡ್ಡ ಹುದ್ದೆಯಲ್ಲಿದ್ದು ರಿಟೈರ್ ಆಗಿದ್ದರು. ಗಂಡ ಮೊದಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಲಾಸ್ ಏಂಜಲೀಸಿನ ಟ್ರಾಫಿಕ್ ಸಾಕಾಗಿ ನಮ್ಮ ಬೀದಿಗೆ ಬಂದಿದ್ದರು. ಎತ್ತರದ ಆಳು, ದೊಡ್ಡ ದನಿ, ನಕ್ಕರೆ ಎರಡು ಮನೆಗೆ ಕೇಳಿಸಬೇಕು. ಬಂದ ಹೊಸದರಲ್ಲಿ ನಾನೇ ಹೋಗಿ ಚಿತ್ರಾನ್ನ ಕೊಟ್ಟು ಮಾತಾಡಿಸಿದವಳು. ಇದನ್ನು ಯಾಕೆ ಹೇಳುತ್ತೇನೆಂದರೆ, ಮೊದಲು ಅವರು ನನ್ನ ಪರಿಚಯವಾಗಿದ್ದರು. ಆಮೇಲೆ ನನ್ನ ಮಗಳ ಕಾಕು ಆದರು.

ಇಪ್ಪತ್ತರ ಇಸವಿಯ ವಸಂತದಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡಿತು. ಮಗಳು ಕೆಮಿಸ್ಟ್ರಿ ಓದಿ, ನಾವಿಬ್ಬರೂ ಎಷ್ಟು ಹೇಳಿದರೂ ಕೇಳದೆ, ಒಂದು ಸಣ್ಣ ಬ್ರೂವರಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಆ ಬ್ರೂವರಿ ಮುಚ್ಚಿತು. ಅವಳು ಕಾರಿನ ಹಿಂದಿನ ಸೀಟಿನ ತುಂಬ ಬಾಟಲಿಗಳನ್ನು ಹೇರಿಕೊಂಡು ಮನೆಗೆ ಬಂದಳು. ನನಗೆ ಒಳಗೊಳಗೇ ಖುಷಿ. ಬಾಟಲಿ ಹಾಳಾಗಲಿ, ಮಗಳು ಮನೆಯಲ್ಲಿರುತ್ತಾಳಲ್ಲ ಎಂದು. ಇಬ್ಬರೂ ಕೂತು ಮಾತಾಡಬಹುದು, ಅವಳ ಬಾಯಲ್ಲಿ ನಾಲ್ಕು ಕನ್ನಡದ ಮಾತು ಕೇಳಬಹುದು ಎಂಬ ಆಸೆ. ಇಲ್ಲಿ ಹುಟ್ಟಿದ ಮಕ್ಕಳ ಕತೆ ಎಲ್ಲರಿಗೂ ಗೊತ್ತಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಎಲ್ಲ ಅರ್ಥವಾಗುತ್ತಿತ್ತು, ಒಂದಕ್ಷರ ಬಾಯಿಂದ ಬರುತ್ತಿರಲಿಲ್ಲ.

ನಾನು ಟೆಲಿಕಾಂ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದೆ. ಗಂಡ ಓದುವ ಕೋಣೆಯನ್ನು ಹಿಡಿದುಬಿಟ್ಟಿದ್ದರಿಂದ ನನ್ನ ಆಫೀಸು ಅಡುಗೆಮನೆಯ ಕಿಟಕಿಯ ಪಕ್ಕದ ಮೇಜಿಗೆ ಬಂತು. ಕಿಟಕಿಯಾಚೆ ನಮ್ಮ ಹಿತ್ತಲು, ಅದರಾಚೆ ಎದೆಮಟ್ಟದ ಗೋಡೆ, ಗೋಡೆಯಾಚೆ ಅವರು. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಮಗಳು ಒಂದು ಬಾಟಲಿ ಹಿಡಿದು ಗೋಡೆಯ ಹತ್ತಿರ ಹೋಗತೊಡಗಿದಳು. ಆರಡಿ ದೂರ ನಿಲ್ಲುವುದು ಎಂದಿತ್ತು. ಗೋಡೆ ದಪ್ಪವಾಗಿದ್ದರಿಂದ ಲೆಕ್ಕ ಸರಿಹೋಗುತ್ತದೆ ಎಂದು ಇಬ್ಬರೂ ಒಪ್ಪಿಕೊಂಡುಬಿಟ್ಟರು.

ಆ ಬಾಟಲಿಗಳಲ್ಲಿದ್ದ ಬಿಯರು ಬೆಲ್ಜಿಯಂ ದೇಶದ ಹಳೆಯ ಪದ್ಧತಿಯದು. ಕಾಯಿಸಿದ ಧಾನ್ಯದ ನೀರನ್ನು ಗಾಳಿಗೆ ತೆರೆದಿಟ್ಟು, ಗಾಳಿಯಲ್ಲಿರುವುದೇ ಹುಳಿ ಹಿಡಿಸಲಿ ಎಂದು ಬಿಡುತ್ತಾರೆ. ಆಮೇಲೆ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟು ಅದರೊಳಗೆ ಹುಳಿ ಚೆರ್ರಿಯನ್ನು ಬೀಜದ ಸಮೇತ ಸುರಿಯುತ್ತಾರೆ. ಚೆರ್ರಿ ಹಾಕಿದ್ದಕ್ಕೆ ಕ್ರೀಕ್ ಎಂದು ಹೆಸರು. ರಾಸ್ಪ್‌ಬೆರಿ ಹಾಕಿದ್ದು ಬೇರೆ, ಪೀಚ್ ಹಾಕಿದ್ದು ಬೇರೆ. ಇದನ್ನೆಲ್ಲ ಮಗಳು ನನಗೆ ಹೇಳಿದ್ದಲ್ಲ. ಗೋಡೆಯಾಚೆಗೆ ಹೇಳುವಾಗ ನಾನು ಕಿಟಕಿಯಲ್ಲಿ ಕೇಳಿಸಿಕೊಂಡದ್ದು. ಆಚೆಯವರಿಗೆ ಇದು ಹೊಸದೇನೂ ಆಗಿರಲಿಲ್ಲ. ಕ್ರಿಸ್‌ಮಸ್ ಬಂದಾಗ ಆಂಟ್‌ವರ್ಪ್ ಕಡೆಯ ಹಡಗಿನವರು ಅವರ ಆಫೀಸಿಗೆ ಚೆರ್ರಿ ಬಿಯರಿನ ಪೆಟ್ಟಿಗೆ ತಂದುಕೊಡುತ್ತಿದ್ದರಂತೆ. ನಾನು ಒಂದು ಗುಟುಕೂ ಕುಡಿದವಳಲ್ಲ. ಅಲ್ಲಿಗೇ ಆಟದಲ್ಲಿ ಒಂದು ಹೆಜ್ಜೆ ಹಿಂದೆ ಬಿದ್ದೆ.

ಮೊದಲ ದಿನ ಮಗಳು ಎರಡು ಗ್ಲಾಸು ತಂದಿದ್ದಳು. ಅವರು ಕೈ ಅಡ್ಡ ಮಾಡಿದರು.

"ಗ್ಲಾಸ್ ಬ್ಯಾಡವಾ. ಬಾಟ್ಲಿ ಒಂದ ಅದ, ಲೋಟಾನೂ ಒಂದ ಸಾಕು. ಎತ್ತಿ ಕುಡಿಯೂಣು. ಎಂಜಲಿಲ್ಲ, ರೋಗ ಇಲ್ಲ."

ಒಳಗೆ ಹೋಗಿ ಈ ಸ್ಟೀಲ್ ಲೋಟ ತಂದರು. ಮಗಳು ಗಾಬರಿಯಾದಳು. "ಬಟ್ ಆಂಟಿ, ಯು ಹ್ಯಾವ್ ಟು ಸ್ಮೆಲ್ ಇಟ್!"

"ಮೂಸೂದಕ್ಕ ತುಟಿ ಯಾಕ ಬೇಕು? ಮೂಗು ಮ್ಯಾಲ ಅದ."

ಬಣ್ಣ ನೋಡಬೇಕು, ಸ್ಟೀಲಿನಲ್ಲಿ ಬಣ್ಣ ಕಾಣುವುದಿಲ್ಲ ಎಂದು ಇವಳು ಇಂಗ್ಲಿಷಿನಲ್ಲಿ ವಾದಿಸಿದಳು.

"ಬೀಳೂವಾಗ ಕಾಣ್ತದ ನೋಡು," ಎಂದರು ಅವರು.

ನೊರೆ ಇಳಿಯುವವರೆಗೆ ಕಾದರು. ಮೂಗನ್ನು ಲೋಟದ ಮೇಲೆ ತಂದು, ತಾಗಿಸದೆ, ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. ಆಮೇಲೆ ತಲೆ ಹಿಂದಕ್ಕೆ ವಾಲಿಸಿ ಲೋಟ ಎತ್ತಿದರು. ಸಂಜೆಬಿಸಿಲಿನಲ್ಲಿ ಕೆಂಪನೆಯ ಒಂದು ಎಳೆ ಮೇಲಿನಿಂದ ಇಳಿದು ಅವರ ಬಾಯಿಗೆ ಬಿತ್ತು. ಗಲ್ಲದ ಮೇಲೆ ಒಂದು ಹನಿಯಿಲ್ಲ. ನಾನು ಮೀಟಿಂಗಿನಲ್ಲಿದ್ದವಳು ಮ್ಯೂಟ್ ಒತ್ತಿ ನೋಡುತ್ತ ಕೂತೆ. ಚೆಂದವಿತ್ತು, ಅದೇ ಸಂಕಟ.

ವಾರದೊಳಗೆ ಮಗಳು ಎತ್ತಿ ಕುಡಿಯುವುದನ್ನು ಕಲಿತಳು. ಬಿಳಿಯ ಟೀಶರ್ಟುಗಳೆಲ್ಲ ಚೆರ್ರಿ ಬಣ್ಣಕ್ಕೆ ತಿರುಗಿದವು. ಅವಳು ಸಣ್ಣವಳಿದ್ದಾಗಿನಿಂದ ಲೋಟ ಕಚ್ಚಿ ಕುಡಿಯಬೇಡ, ಎತ್ತಿ ಕುಡಿ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. 'ಮಾಮ್, ದಟ್ಸ್ ಸೋ ವಿಯರ್ಡ್' ಎಂದು ಮುಖ ಮುರಿಯುತ್ತಿದ್ದಳು. ಅದೇ ಪದ್ಧತಿ ಗೋಡೆಯಾಚೆಯಿಂದ ಬಂದಾಗ ಕೂಲ್ ಆಯಿತು.

ಆಂಟಿ ಎಂದು ಕರೆಯುವುದೂ ನಿಂತಿತು. "ಆಂಟಿ ಅಂದ್ರ ಯಾರ ಮನಿಯಾಕಿನೋ ಅನಸ್ತದ. ಕಾಕು ಅನ್ನು," ಎಂದರಂತೆ. ಅವರ ಕಡೆ ಚಿಕ್ಕಪ್ಪನ ಹೆಂಡತಿಯನ್ನು ಹಾಗೆ ಕರೆಯುತ್ತಾರೆ. ನನ್ನ ಗಂಡನ ಸ್ವಂತ ತಮ್ಮನ ಹೆಂಡತಿ ಮಗಳಿಗೆ ಇವತ್ತಿಗೂ ಆಂಟಿಯೇ. ಇವರು ಮಾತ್ರ ಕಾಕು. ಮನೆಯಲ್ಲಿ ಎಲ್ಲರ ಬಾಯಲ್ಲೂ ಅದೇ ನಿಂತಿತು. ನಾನೂ ಹಾಗೇ ಕರೆಯತೊಡಗಿದೆ, ಬೇರೆ ದಾರಿಯಿರಲಿಲ್ಲ.

ಕಾಕು ರುಚಿ ನೋಡುವ ರೀತಿಯೇ ಬೇರೆ. ಒಂದು ಬಿಯರಿಗೂ ಇನ್ನೊಂದಕ್ಕೂ ನಡುವೆ ಬಾಯಿ ಸ್ವಚ್ಛ ಮಾಡಿಕೊಳ್ಳಲು ಮಗಳು ಬಿಸ್ಕತ್ತು ತಂದರೆ, ಕಾಕು ಬಟ್ಟಲಿನಲ್ಲಿ ಬರೀ ಚುರುಮುರಿ, ಅಂದರೆ ನಮ್ಮ ಕಡೆಯ ಪುರಿ, ಇಟ್ಟರು. ಚುರುಮುರಿಗೆ ತನ್ನದೇ ರುಚಿಯೆಂಬುದಿಲ್ಲ, ನಾಲಿಗೆಯ ಮೇಲಿದ್ದುದನ್ನೆಲ್ಲ ಎತ್ತಿಕೊಂಡು ಹೋಗುತ್ತದೆ ಎಂದು ಅವರ ವಾದ. ಮಗಳು ಆಮೇಲೆ ಕೆಲಸಕ್ಕೆ ಸೇರಿದ ಕಡೆಯಲ್ಲೂ ಚುರುಮುರಿಯನ್ನೇ ಇಡಿಸಿದಳು. ಇನ್ನು ಅವರ ತೀರ್ಪುಗಳೋ, ಕಿಟಕಿಯಲ್ಲಿ ಕೂತ ನನಗೇ ನಗು ತಡೆಯಲಾಗುತ್ತಿರಲಿಲ್ಲ. ರಾಸ್ಪ್‌ಬೆರಿಯದು ಕುಡಿದು, "ಇದರದು ಮಾತು ಭಾಳ, ಕೆಲಸ ಕಡಿಮಿ," ಎಂದರು. ಪೀಚಿನದಕ್ಕೆ, "ಹೆಣ್ಣು ನೋಡಾಕ ಬಂದಾರ ಅಂತ ಕೂಡಿಸಿದಂಗ ಕೂತದ. ಬಾಯಿ ಬಿಡವಲ್ದು." ಕ್ರೀಕ್ ಬಂದಾಗ ಮಾತ್ರ ತಮಾಷೆ ಮಾಡುತ್ತಿರಲಿಲ್ಲ. ಎರಡು ಬೇರೆ ಬೇರೆ ಕಡೆಯ ಕ್ರೀಕನ್ನು ಒಂದರ ಹಿಂದೆ ಒಂದು ಕುಡಿದು, ಇದರಲ್ಲಿ ಚೆರ್ರಿಯ ಸಿಪ್ಪೆ ಮುಂದೆ, ಅದರಲ್ಲಿ ಬೀಜ ಮುಂದೆ, ಬೀಜ ಮುಂದಿರುವುದರಲ್ಲಿ ಹಿಂದಿನಿಂದ ಬಾದಾಮಿ ಬರುತ್ತದೆ ಎಂದು ನಿಧಾನವಾಗಿ ಬಿಡಿಸಿ ಹೇಳುತ್ತಿದ್ದರು. ಮಗಳು ಗೋಡೆಗೆ ಆತು ನಿಂತು ಅವರ ಮುಖವನ್ನೇ ನೋಡುತ್ತಿದ್ದಳು. ನನ್ನ ಮುಖವನ್ನು ಅವಳು ಹಾಗೆ ನೋಡಿದ್ದು ಹಾಲು ಕುಡಿಯುವ ಕಾಲದಲ್ಲಿ ಇರಬೇಕು.

ಗಂಡನಿಗೆ ಹೇಳಿದರೆ ನಕ್ಕುಬಿಟ್ಟರು. "ನೀನೂ ಹೋಗಿ ಒಂದು ಗುಟುಕು ಹಾಕೇ. ಯಾರು ಬೇಡ ಅಂದ್ರು?" ಎಂದರು. ಕರೆಯದೆ ಹೇಗೆ ಹೋಗಲಿ? ನನ್ನದೇ ಹಿತ್ತಲಿಗೆ, ನನ್ನದೇ ಮಗಳ ಹತ್ತಿರ, ಯಾರಾದರೂ ಬಾ ಎನ್ನಲಿ ಎಂದು ಕಾಯುತ್ತಿದ್ದೆ. ಇದನ್ನು ಗಂಡಸರಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ.

ಆ ವರ್ಷದ ಚಳಿಗಾಲದಲ್ಲಿ ಕಾಕುವಿಗೆ ಕೊರೋನಾ ಬಂತು. ಆಸ್ಪತ್ರೆಗೆ ಹೋಗುವಷ್ಟೇನೂ ಆಗಲಿಲ್ಲ, ಆದರೆ ಬಹಳ ದಿನ ಮಲಗಿದ್ದರು. ನಾನು ಮೆಣಸಿನ ಸಾರು ಮಾಡಿದೆ. ಮಗಳು ಅದನ್ನು ಅವರ ಬಾಗಿಲ ಮುಂದೆ ಇಟ್ಟು ಬಂದಳು. ಗುಣವಾದ ಮೇಲೆ ಕಾಕು ಗೋಡೆಯ ಹತ್ತಿರ ಬಂದು, "ನಿನ್ನ ಸಾರು ಕುಡಿದ ಬದುಕಿದೆ ತಂಗಿ," ಎಂದು ಮಗಳಿಗೆ ಹೇಳಿದರು. ಒಗ್ಗರಣೆಯ ಹೊಗೆ ಕುಡಿದವಳು ನಾನು.

ಬಿಸಿಲು ಬಂದ ಮೇಲೆ ಸಂಜೆಯ ಲೋಟ ಮತ್ತೆ ಶುರುವಾಯಿತು. ಅದೇ ದಿನಗಳಲ್ಲಿ ನನ್ನ ಅದೃಷ್ಟವೂ ಖುಲಾಯಿಸಿತು ಎಂದುಕೊಂಡೆ. ಒಂದು ದಿನ ಮಗಳು ಅಡುಗೆಮನೆಗೆ ಬಂದು ಹಲ್ಲು ಕಿರಿದು ತೋರಿಸಿ, ಅರೆಬರೆ ಕನ್ನಡದಲ್ಲಿ ಕೇಳಿದಳು.

"ಮಾಮ್, ವೆರಿ ಸವರ್ ಏನಾದ್ರೂ ತಿಂದ್ರೆ ಟೀತ್ ಹೀಗಾಗತ್ತಲ್ಲ, ಕನ್ನಡದಲ್ಲಿ ವಾಟ್ ಡು ಯು ಸೇ?"

"ಹಲ್ಲು ಚುಳಿಯೋದು," ಎಂದೆ.

"ಹಲ್ಲು ಚುಳಿಯೋದು," ಎಂದು ಎರಡು ಸಲ ಹೇಳಿಕೊಂಡು ಹೋದಳು.

ಮಾರನೆಯ ದಿನ ಬಾಳೆಕಾಯಿ ಸಿಪ್ಪೆ ಕಚ್ಚಿದ ಹಾಗಾಗುವುದಕ್ಕೆ ಏನೆನ್ನುತ್ತಾರೆ ಎಂದು ಕೇಳಿದಳು. ಒಗರು. ಇನ್ನೊಂದು ದಿನ, ಹಳೆಯ ಎಣ್ಣೆಯ ವಾಸನೆಗೆ. ಕಮಟು. ಹಣ್ಣು ಬರೀ ಮಾಗಿದ್ದರೆ ಏನು, ಮಾಗಿ ಮುಂದಕ್ಕೆ ಹೋಗಿದ್ದರೆ ಏನು. ಕಳಿತ ಹಣ್ಣು, ಕೊಳೆತ ಹಣ್ಣು. ನಾನು ಮೀಟಿಂಗು ಬಿಟ್ಟು ಎದ್ದು ನಿಂತು ಹೇಳುತ್ತಿದ್ದೆ. ಶನಿವಾರ ಇಂಡಿಯನ್ ಅಂಗಡಿಗಳ ಬೀದಿಯಿರುವ ಆರ್ಟೀಸಿಯಾಗೆ ಡ್ರೈವ್ ಮಾಡಿಕೊಂಡು ಹೋಗಿ ನೆಲ್ಲಿಕಾಯಿ, ಹುಣಸೆಕಾಯಿ, ಮಾವಿನಕಾಯಿ, ಬಾಳೆಕಾಯಿ ಎಲ್ಲ ತಂದೆ. ಹುಣಸೆಕಾಯಿ ಫ್ರೀಜರಿನದೇ ಸಿಕ್ಕಿತು, ಇರಲಿ ಎಂದು ತಂದೆ. ಅಡುಗೆಕಟ್ಟೆಯ ಮೇಲೆ ಎಲ್ಲವನ್ನೂ ಹೆಚ್ಚಿಟ್ಟು, ಒಂದೊಂದನ್ನೇ ಅವಳ ಬಾಯಿಗಿಟ್ಟು, ಒಂದೊಂದಕ್ಕೂ ಪದ ಹೇಳಿಕೊಟ್ಟೆ. ಅವಳು ಮುಖ ಕಿವುಚುತ್ತಿದ್ದಳು, ನಾನು ನಗುತ್ತಿದ್ದೆ. ಮೈಸೂರಿನ ಅಕ್ಕನಿಗೆ ಫೋನ್ ಮಾಡಿ, "ಕಡೆಗೂ ನನ್ನ ಮಗಳಿಗೆ ಕನ್ನಡ ಬೇಕಾಯ್ತು ಕಣೇ," ಎಂದು ಹೇಳಿ ಅತ್ತುಬಿಟ್ಟೆ. ಆ ಕೆಲವು ವಾರಗಳು... ಈಗಲೂ ನೆನೆಸಿಕೊಂಡರೆ ಬಾಯಲ್ಲಿ ನೀರೂರುತ್ತದೆ.

ಆಮೇಲೆ ಒಂದು ಸಂಜೆ ಕಿಟಕಿ ಪೂರ್ತಿ ತೆರೆದಿತ್ತು. ಮೀಟಿಂಗಿನಲ್ಲಿ ಯಾರೋ ಏನೋ ಓದುತ್ತಿದ್ದರು. ಹಿತ್ತಲಿನಿಂದ ಮಗಳ ದನಿ ಬಂತು, ಕನ್ನಡದಲ್ಲಿ.

"ಮೊದ್ಲು ಹಲ್ಲು ಚುಳಿತದ, ಕಾಕೂ. ಆಮ್ಯಾಲ ಒಗರು. ಭಾಳ ಇಲ್ಲ. ಬಾಳೆಕಾಯಿ ಸಿಪ್ಪೆಯಷ್ಟು ಇಲ್ಲ."

"ಮುಂದ ಹೇಳವಾ," ಎಂದರು ಕಾಕು.

"ಹಣ್ಣು ಕಳಿತಿಲ್ಲ. ಈಗ ಕೆಂಪಾಗಿದೆ. ಮರದ ಮೇಲೆ ಅದ ಇನ್ನೂ."

ನಾನು ಎದ್ದು ನಿಂತೆ. ಕಾಕು ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಲೋಟ ಅವರ ತುಟಿಗೇ ಇತ್ತು. ಎತ್ತಿ ಕುಡಿಯುತ್ತಿದ್ದವರು ಕಚ್ಚಿಕೊಂಡು, ಬಿಯರನ್ನು ಬಾಯಲ್ಲಿ ಹಾಗೇ ಹಿಡಿದು ನಿಂತಿದ್ದರು. ಕಡೆಗೆ ನುಂಗಿ, ತಲೆಯಾಡಿಸಿದರು.

"ಹುಳಿ ಗೊತ್ತಾಗ್ತದ. ಹಣ್ಣು ಇನ್ನೂ ಗೊತ್ತಾಗವಲ್ದು ನೋಡು. ಚೆರ್ರಿನೂ ಅಷ್ಟ, ಪೀಚೂ ಅಷ್ಟ. ಎಲ್ಲಾ ಬರೇ ಹುಳಿ ನೀರು."

ಆಗ ಅರ್ಥವಾಯಿತು. ಕಾಯಿಲೆಯಲ್ಲಿ ಕಾಕುವಿನ ಮೂಗು ಹೋಗಿತ್ತು, ವಾಸನೆಯೇ ತಿಳಿಯುತ್ತಿರಲಿಲ್ಲ. ನಾಲಿಗೆಗೆ ಹುಳಿ, ಸಿಹಿ ಎಂದಷ್ಟೇ ತಿಳಿಯುತ್ತಿತ್ತು. ಯಾವ ಹಣ್ಣು ಎಂದು ಹೇಳುವುದು ಮೂಗಿನ ಕೆಲಸ. ಅದು ಹೋದ ಮೇಲೆ ಹೋಲಿಸುವುದಕ್ಕೆ ಅವರಿಗೆ ಏನೂ ಉಳಿದಿರಲಿಲ್ಲ. ಮಗಳು ಕುಡಿದು, ಹಣ್ಣು ಹೇಗಿದೆ ಎಂದು ಅವರಿಗೆ ಬಾಯಲ್ಲಿ ಹೇಳುತ್ತಿದ್ದಳು. ಅದಕ್ಕಾಗಿ ಅವಳಿಗೆ ಪದಗಳು ಬೇಕಾಗಿದ್ದವು. ಇಂಗ್ಲಿಷಿನಲ್ಲಿ ಹೇಳಿದರೆ ಕಾಕುವಿಗೆ ಅರ್ಥವಾಗುತ್ತಿರಲಿಲ್ಲ ಎಂದಲ್ಲ. ಇಡೀ ಬಂದರಿನ ಜೊತೆ ಇಂಗ್ಲಿಷಿನಲ್ಲಿ ಜಗಳವಾಡಿದವರು ಅವರು. ಆದರೆ ಇಂಗ್ಲಿಷಿನಲ್ಲಿ ಹೇಳಿದರೆ ರುಚಿ ಬಾಯಿಗೆ ಬರುವುದಿಲ್ಲ, ಕಿವಿಯಲ್ಲೇ ಉಳಿಯುತ್ತದೆ ಎಂದಿದ್ದರಂತೆ.

ನಾನು ನೋಡುತ್ತಿದ್ದ ಹಾಗೇ ಮಗಳು ಗೋಡೆಯ ಮೇಲಿಂದ ಕೈ ಚಾಚಿ ಆ ಲೋಟ ತೆಗೆದುಕೊಂಡಳು. ಕಾಕು ತುಟಿ ಇಟ್ಟ ಕಡೆಯಲ್ಲೇ ತುಟಿ ಇಟ್ಟು ಕುಡಿದಳು. ಎಂಜಲು! ನನ್ನ ಚಮಚದಲ್ಲಿ ನಾನು ಪಾಯಸದ ರುಚಿ ನೋಡಿ ಅದೇ ಚಮಚ ಕೊಟ್ಟರೆ 'ಮಾಮ್, ಗ್ರೋಸ್' ಎಂದು ಹಿಂದೆ ಸರಿಯುವ ಹುಡುಗಿ.

ಕಾಕುವಿನ ಸಂಗತಿ ತಿಳಿದ ಮೇಲೆ ನನ್ನ ಹೊಟ್ಟೆಕಿಚ್ಚು ತಣ್ಣಗಾಯಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ತಣ್ಣಗಾಗಲಿಲ್ಲ. ಅಯ್ಯೋ ಪಾಪ ಅನ್ನಿಸಿತು, ಅನ್ನಿಸುತ್ತಲೇ ಇನ್ನೂ ಉರಿಯಿತು. ನಾನು ಹೆಚ್ಚಿಟ್ಟ ನೆಲ್ಲಿಕಾಯಿ, ನಾನು ಕೊಟ್ಟ ಒಗರು, ನಾನು ಕೊಟ್ಟ ಚುಳಿ, ಎಲ್ಲವೂ ಗೋಡೆ ಹತ್ತಿ ಆ ಕಡೆಗೆ ಹೋಗಿದ್ದವು. ನನ್ನ ಅಂಗಡಿಯಲ್ಲಿ ಸಾಮಾನು ತೆಗೆದುಕೊಂಡು ಹೋಗಿ ಅಡುಗೆ ಅಲ್ಲಿ ಮಾಡಿ ಬಡಿಸಿದ ಹಾಗೆ. ಮೂಗು ಹೋದದ್ದು ನನಗಾದರೂ ಆಗಿದ್ದರೆ, ಮಗಳು ನನ್ನ ಮುಂದೆ ಕೂತು ಕನ್ನಡದಲ್ಲಿ ಚೆರ್ರಿಯ ವರ್ಣನೆ ಮಾಡುತ್ತಿದ್ದಳೇನೋ... ಇಂಥ ಯೋಚನೆಯೂ ಬಂತು. ಬರೆಯುವುದಕ್ಕೆ ನಾಚಿಕೆಯೇನೂ ಇಲ್ಲ.

ಮುಂದಿನ ಭಾನುವಾರ ನಾನೇ ಪಂದ್ಯ ಕಟ್ಟಿದೆ. ಹಿಂದಿನ ದಿನ ಲಾಸ್ ಏಂಜಲೀಸಿಗೆ ಹೋಗಿದ್ದಾಗ ದೊಡ್ಡ ಮದ್ಯದಂಗಡಿಗೆ ಹೊಕ್ಕು, ಚೆರ್ರಿ, ರಾಸ್ಪ್‌ಬೆರಿ, ಪೀಚ್ ಮೂರರ ಬಾಟಲಿಯನ್ನೂ ತಂದಿದ್ದೆ. ಚಿನ್ನದ ಕಾಗದ ಸುತ್ತಿದ, ಚಿತ್ರ ಚೆನ್ನಾಗಿದ್ದ ಬಾಟಲಿಗಳನ್ನೇ ಆರಿಸಿದ್ದೆ. ಅಷ್ಟು ಹೊತ್ತಿಗೆ ಎಲ್ಲರಿಗೂ ಲಸಿಕೆಯಾಗಿತ್ತು. ಕಾಕುವನ್ನು ನಮ್ಮ ಹಿತ್ತಲಿಗೇ ಕರೆದು ಮೇಜು ಹಾಕಿ ಕೂರಿಸಿದೆ. ಮಗಳು ಬಾಟಲಿಗಳನ್ನು ತಿರುಗಿಸಿ ತಿರುಗಿಸಿ ಲೇಬಲ್ಲು ಓದಿದಳು. ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ.

ಕಾಕು ಎತ್ತಿ ಕುಡಿದರು. ಚೆರ್ರಿ, ಆಮೇಲೆ ರಾಸ್ಪ್‌ಬೆರಿ, ಆಮೇಲೆ ಪೀಚ್. ಚುರುಮುರಿ ಬಾಯಿಗೆ ಹಾಕಿಕೊಂಡರು.

"ಶರಬತ್ತು ಛಲೋ ಅದರೀ," ಎಂದರು.

ಮಗಳು ಮುಖ ತಿರುಗಿಸಿಕೊಂಡಳು. ನಗುವನ್ನು ನುಂಗುತ್ತಿದ್ದಳು. ನಾನು ತಂದದ್ದೆಲ್ಲ ಸಕ್ಕರೆ ಬೆರೆಸಿ ಸಿಹಿ ಮಾಡಿದ ಬಗೆಯವು, ಹಳೆಯ ಪದ್ಧತಿಯವರು ಅವುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಆಮೇಲೆ ತಿಳಿಯಿತು. ಮೂಗಿಲ್ಲದವರ ಎದುರಿಗೂ ಸೋತೆನಲ್ಲ ಎಂದು ಮೈ ಪರಚಿಕೊಳ್ಳುವ ಹಾಗಾಯಿತು. ಸೋಲು ಅಷ್ಟಕ್ಕೇ ನಿಲ್ಲಲಿಲ್ಲ. ಮಗಳು ತನ್ನದೊಂದು ಒಳ್ಳೆಯ ಕ್ರೀಕ್ ತಂದು ಲೋಟಕ್ಕೆ ಹಾಕಿ, ಮೊದಲ ಬಾರಿಗೆ, ನನ್ನ ಕೈಗೆ ಕೊಟ್ಟಳು. ನಾನು ಒಂದು ಗುಟುಕು ಎತ್ತಿ ಕುಡಿದೆ. ಕಾಕು ನನ್ನ ಕಡೆ ತಿರುಗಿ ಕಣ್ಣು ಮುಚ್ಚಿಕೊಂಡರು.

"ಹೇಳ್ರೀ, ಹೆಂಗದ?"

"ಚೆನ್ನಾಗಿದೆ," ಎಂದೆ.

"ಮುಂದ ಹೇಳ್ರೀ."

ಏನು ಹೇಳಲಿ? ಬಾಯಿ ತುಂಬ ಏನೇನೋ ನಡೆಯುತ್ತಿತ್ತು. ಹುಳಿ ಮೊದಲು ಬಂತು, ಅದರ ಹಿಂದೆ ಏನೋ ಬಂತು, ಮರದ್ದೋ, ಮಳೆ ಬಂದ ಮಣ್ಣಿನದ್ದೋ... ಮಗಳಿಗೆ ರಾಶಿ ರಾಶಿ ಪದ ಕೊಟ್ಟವಳಿಗೆ ನನ್ನ ಬಾಯಿಗೆ ಒಂದೂ ಸಿಗಲಿಲ್ಲ. "ಹುಳಿ ಇದೆ," ಎಂದೆ, ಅಷ್ಟೇ. ಮಗಳು ಲೋಟ ಇಸಿದುಕೊಂಡು ತಾನು ಹೇಳತೊಡಗಿದಳು. ಕಾಕುವಿನ ಮುಖ ಅರಳಿತು.

ಹೋಗುವಾಗ ಕಾಕು ನನ್ನೊಬ್ಬಳನ್ನೇ ಗೇಟಿನ ಹತ್ತಿರ ನಿಲ್ಲಿಸಿಕೊಂಡರು.

"ನಮ್ಮ ಕಡೆ ಹಲ್ಲು ಜುಮ್ಮಂತಾವ ಅಂತೀವ್ರಿ. ಆಕಿ ಹಲ್ಲು ಚುಳಿತದ ಅಂತಾಳ. ಮೊದಲನೇ ದಿನಾನ ನನಗ ಗೊತ್ತಾತು, ಇದು ನಿಮ್ಮ ಅಡಿಗಿಮನಿಯಿಂದ ಬರ್ತದ ಅಂತ. ದಿನಾ ಸಂಜೀಕ ನಿಮ್ಮ ಮಾತ ಕುಡೀತೀನಿ ನಾನು."

ಅವರು ಸಮಾಧಾನಕ್ಕೆ ಹೇಳಿದ್ದು. ನನಗೆ ಅದು ಗೆದ್ದವರು ಸೋತವರ ಬೆನ್ನು ತಟ್ಟಿದ ಹಾಗೆ ಕೇಳಿಸಿತು. "ಪರವಾಗಿಲ್ಲ ಬಿಡಿ," ಎಂದು ಒಳಗೆ ಬಂದು ಪಾತ್ರೆಗಳನ್ನು ಅಗತ್ಯಕ್ಕಿಂತ ಜೋರಾಗಿ ತೊಳೆದೆ.

ಆ ಬೇಸಿಗೆಯಲ್ಲಿ ಮಗಳು ನಮ್ಮ ಗರಾಜಿನಲ್ಲಿ ತನ್ನದೇ ಕ್ರೀಕ್ ಮಾಡಿದಳು. ಹಳೆಯ ಪರಿಚಯದ ಬ್ರೂವರಿಯವರು ಪೀಪಾಯಿಯಲ್ಲಿ ಹುಳಿ ಬಂದ ಬಿಯರು ಕೊಟ್ಟರು. ಲಾಸ್ ಏಂಜಲೀಸಿನ ಇರಾನಿ ಅಂಗಡಿಯಿಂದ ಹುಳಿ ಚೆರ್ರಿ ಬಂತು. ದೊಡ್ಡ ಗಾಜಿನ ಜಾಡಿಯಲ್ಲಿ ಅದು ತಿಂಗಳುಗಟ್ಟಲೆ ಕೂತಿತ್ತು. ಬಾಟಲಿಗೆ ತುಂಬಿದ ಮೇಲೆ ಕುಡಿಯುವಷ್ಟು ಕುಡಿದು, ಹಂಚುವಷ್ಟು ಹಂಚಿ, ಒಂದು ಬಾಟಲಿಯನ್ನು ಕಾಕು ಎತ್ತಿಟ್ಟುಕೊಂಡರು. ಗರಾಜು ಬಿಸಿಯಾಗುತ್ತದೆ ಎಂದು ತಮ್ಮ ಸೀರೆಯ ಕಪಾಟಿನಲ್ಲಿ, ಇಳಕಲ್ ಸೀರೆಗಳ ಕೆಳಗೆ ಮಲಗಿಸಿದರು.

"ನನ್ನ ಮೂಗು ಬಂದ ದಿನ ಒಡಿಯೂಣು," ಎಂದರು.

ಮಗಳಿಗೆ ಸ್ಯಾನ್ ಪೀಡ್ರೊದಲ್ಲಿ ಕೆಲಸ ಸಿಕ್ಕ ಮೇಲೆಯೂ ಅವಳು ಭಾನುವಾರ ತಪ್ಪದೆ ಬರುತ್ತಿದ್ದಳು. ಊಟ ನಮ್ಮ ಮನೆಯಲ್ಲಿ, ಮಾತು ಗೋಡೆಯ ಹತ್ತಿರ. ಕಾಕುವಿನ ಮೂಗು ಬರಲಿಲ್ಲ. ಡಾಕ್ಟರು ಕೆಲವರಿಗೆ ಬರುತ್ತದೆ, ಕೆಲವರಿಗೆ ಇಲ್ಲ ಎಂದಿದ್ದರಂತೆ. ಹೋದ ವರ್ಷ ಒಂದು ಬೆಳಿಗ್ಗೆ ಹಿತ್ತಲಿನಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದವರು ಹಾಗೇ ಕುಸಿದರು. ಮೊದಲು ನೋಡಿದವಳು ನಾನು, ಅದೇ ಕಿಟಕಿಯಿಂದ. ಗೋಡೆ ಹತ್ತಿ ಹಾರಿದೆ, ಹೇಗೆ ಹಾರಿದೆನೋ ಇವತ್ತಿಗೂ ಗೊತ್ತಿಲ್ಲ. ಆಂಬುಲೆನ್ಸ್ ಬರುವಷ್ಟರಲ್ಲಿ ಅವರ ಕೈ ನನ್ನ ಕೈಯಲ್ಲೇ ತಣ್ಣಗಾಗಿತ್ತು.

ಬೇ ಏರಿಯಾದಿಂದ ಅವರ ಅಣ್ಣನ ಮಗ ಬಂದು ಮನೆ ಖಾಲಿ ಮಾಡಿಸಿದ. ಮಗಳು ಬಂದು ಬಾಟಲಿಯನ್ನು ಕೇಳಿ ತೆಗೆದುಕೊಂಡು ಹೋದಳು. ಲೋಟವನ್ನೂ ತೆಗೆದುಕೊಂಡು ಹೋದಳು ಎಂದು ನನಗೆ ಗೊತ್ತಿರಲಿಲ್ಲ. ಪಕ್ಕದ ಮನೆಗೆ ಈಗ ಬೇರೆಯವರು ಬಂದಿದ್ದಾರೆ, ಒಳ್ಳೆಯವರು, ಕೈ ಬೀಸುತ್ತಾರೆ. ಭಾನುವಾರ ಮಗಳು ಬಂದರೆ ಇಡೀ ದಿನ ನನ್ನ ಜೊತೆಗೇ ಇರುತ್ತಾಳೆ. ನಾನು ಬಯಸಿದ್ದು ಅದೇ. ಆದರೆ ಮಾತು ಪೂರ್ತಿ ಇಂಗ್ಲಿಷಿಗೆ ತಿರುಗಿತು. ಒಗರು, ಚುಳಿ, ಕಮಟು ಒಂದೂ ಅವಳ ಬಾಯಲ್ಲಿ ಬರಲಿಲ್ಲ. ಕಿಟಕಿಯಲ್ಲಿ ಕೂತು ಕದ್ದು ಕೇಳಿಸಿಕೊಳ್ಳುವುದಕ್ಕೂ ಏನೂ ಉಳಿಯಲಿಲ್ಲ. ಮಗಳ ಕನ್ನಡವನ್ನು ನನ್ನ ಕಿವಿಗೆ ಬೀಳುವಷ್ಟು ಹತ್ತಿರಕ್ಕೆ ತಂದವರು ಅವರೊಬ್ಬರೇ, ಅದನ್ನು ಜೊತೆಯಲ್ಲೇ ಕರೆದುಕೊಂಡು ಹೋದರು. ಅದಕ್ಕೂ ನನಗೆ ಅವರ ಮೇಲೆ ಸಿಟ್ಟು ಬಂತು. ಸಿಟ್ಟು ಮಾಡಿಕೊಳ್ಳಲು ಗೋಡೆಯಾಚೆ ಯಾರೂ ಇಲ್ಲ ಎಂದು ಆಮೇಲೆ ನೆನಪಾಗುತ್ತಿತ್ತು...

ಮೊನ್ನೆ ಸ್ಯಾನ್ ಪೀಡ್ರೊದ ಆ ಅಡುಗೆಮನೆಯಲ್ಲಿ ನಾನು ಲೋಟ ಹಿಡಿದು ನಿಂತಿದ್ದನ್ನು ಮಗಳು ನೋಡಿದಳು. ಒಳಗೆ ಹೋಗಿ ಬಾಟಲಿ ತಂದಳು. ಲೇಬಲ್ಲಿನ ಮೇಲೆ ಇಳಕಲ್ ಸೀರೆಯ ಒಂದು ಕೆಂಪು ದಾರ ಅಂಟಿಕೊಂಡಿತ್ತು. ಕಾರ್ಕ್ ಬಿಚ್ಚಿದಳು. ಲೋಟಕ್ಕೆ ಹಾಕಿ ನೊರೆ ಇಳಿಯುವವರೆಗೆ ಕಾದಳು. ಬಾಲ್ಕನಿಯಾಚೆ ಬಂದರಿನ ಕ್ರೇನುಗಳು ಕಾಣುತ್ತಿದ್ದವು. ಮೂಗನ್ನು ಲೋಟದ ಮೇಲೆ ತಂದು, ತಾಗಿಸದೆ, ಉಸಿರೆಳೆದುಕೊಂಡು, ತಲೆ ಹಿಂದಕ್ಕೆ ವಾಲಿಸಿ ಎತ್ತಿ ಕುಡಿದಳು. ಅದೇ ಕೆಂಪು ಎಳೆ. ಗಲ್ಲದ ಮೇಲೆ ಒಂದು ಹನಿಯಿಲ್ಲ.

ಕಣ್ಣು ಮುಚ್ಚಿಕೊಂಡಳು. "ಇಟ್ಸ್ ಗುಡ್, ಮಾಮ್," ಎಂದಳು.

ನಾನು ಸುಮ್ಮನಿರಬಹುದಿತ್ತು. ಆದರೆ ನನ್ನ ಬಾಯಿಂದ ನನ್ನದಲ್ಲದ ಮಾತು ಬಂತು.

"ಮುಂದ ಹೇಳವಾ."

ಮಗಳು ಕಣ್ಣು ತೆರೆದು ನನ್ನನ್ನು ನೋಡಿದಳು. ಮೈಸೂರಿನವಳ ಬಾಯಲ್ಲಿ ಧಾರವಾಡ ಎಷ್ಟು ಕೆಟ್ಟದಾಗಿ ಕೇಳಿಸಿತೋ ಏನೋ. ನಕ್ಕುಬಿಡುತ್ತಾಳೆ ಎಂದುಕೊಂಡೆ. ಅವಳು ನಗಲಿಲ್ಲ. ಮತ್ತೆ ಕಣ್ಣು ಮುಚ್ಚಿಕೊಂಡಳು.

"ಹಲ್ಲು ಚುಳಿಯಂಗಿಲ್ಲ ಈಗ. ಹುಳಿ ಮೆತ್ತಗಾಗೇದ," ಎಂದಳು. "ಹಣ್ಣು ಅದ. ಮ್ಯಾಲ ಇಲ್ಲ, ತಳದಾಗ ಅದ. ಬೀಜದ ಕಡೆಯಿಂದ ಬಾದಾಮಿ ಬರ್ತದ, ಕಾಕೂ..."

ಕಾಕೂ ಎಂದು ಕರೆದದ್ದು ಅವಳಿಗೆ ಗೊತ್ತಾಯಿತು. ತಿದ್ದಿಕೊಳ್ಳಲಿಲ್ಲ. ನಾನೂ ತಿದ್ದಲಿಲ್ಲ. ಲೋಟ ನನ್ನ ಕೈಗೆ ಕೊಟ್ಟು ಅವಳು ಹೇಳುತ್ತಲೇ ಹೋದಳು. ನಾನು ಎತ್ತಿ ಕುಡಿಯದೆ, ನೆಗ್ಗಿದ ಕಂಠಕ್ಕೆ ತುಟಿಯಿಟ್ಟು ಬಿಯರನ್ನು ಬಾಯಲ್ಲಿ ಹಿಡಿದುಕೊಂಡು ನಿಂತೆ. ಆ ಮಾತುಗಳು ನನಗೆ ಹೇಳಿದ್ದಲ್ಲ. ಕೇಳಿಸಿಕೊಳ್ಳುವುದಕ್ಕೆ ಮಾತ್ರ ನಾನೊಬ್ಬಳೇ ಉಳಿದಿದ್ದೆ.